ಪುಟ ತೆರೆಯದಿದ್ದಾಗ: ಇಂಟರ್‌ನೆಟ್ ತಡೆ, ವಿ.ಪಿ.ಎನ್. ಮತ್ತು ನಮ್ಮ ಜಾಗ್ರತೆ



ಡ್ಯೂಟಿ ಮುಗಿಸಿ ರೂಮಿಗೆ ಬಂದಿದ್ದೀರಿ. ಸ್ನಾನ ಆಯ್ತು, ಊಟ ಆಯ್ತು. ಮಂಚದ ಮೇಲೆ ಕಾಲು ಚಾಚಿ ಮೊಬೈಲ್ ಹಿಡಿದರೆ ಊರಿನ ಗೆಳೆಯ ಒಂದು ಲಿಂಕ್ ಕಳಿಸಿದ್ದಾನೆ. "ಗಲ್ಫಿನಲ್ಲಿ ದುಡಿಯುವವರ ಕಷ್ಟದ ಬಗ್ಗೆ ಒಬ್ಬ ಬ್ಲಾಗಿನಲ್ಲಿ ಚೆನ್ನಾಗಿ ಬರೆದಿದ್ದಾನೆ, ಓದು ಮಾರಾಯ" ಅಂತ. ನೀವು ಒತ್ತುತ್ತೀರಿ. ಬರಹ ಬರುವುದಿಲ್ಲ. ಅದರ ಬದಲು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಒಂದು ನೋಟಿಸ್: ಈ ಪುಟಕ್ಕೆ ಇಲ್ಲಿ ಅನುಮತಿ ಇಲ್ಲ.

ಪಕ್ಕದ ಮಂಚದವ ತಲೆ ಎತ್ತಿ, "ಅದಕ್ಕೇನು, ಒಂದು ಫ್ರೀ ವಿ.ಪಿ.ಎನ್. ಹಾಕ್ಕೋ. ಎಲ್ಲಾ ಓಪನ್ ಆಗ್ತದೆ" ಅನ್ನುತ್ತಾನೆ.

ಈ ಪಾಠ ಆ ಕ್ಷಣದ ಬಗ್ಗೆ. ಪುಟ ಯಾಕೆ ತೆರೆಯಲಿಲ್ಲ, ಯಾರು ತಡೆದರು, ಪಕ್ಕದವನ ಮಾತು ಕೇಳಿದರೆ ಏನಾಗಬಹುದು, ಕೇಳದೆಯೂ ನಮ್ಮ ಕೆಲಸ ಹೇಗೆ ಮಾಡಿಕೊಳ್ಳಬಹುದು – ಇಷ್ಟನ್ನು ಒಂದೊಂದಾಗಿ ನೋಡೋಣ. ಇದು ಕಂಪ್ಯೂಟರ್ ಕಲಿತವರಿಗೆ ಮಾತ್ರ ಅಂದುಕೊಳ್ಳಬೇಡಿ. ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವ ಪ್ರತಿಯೊಬ್ಬರಿಗೂ ಬೇಕಾದ ವಿಷಯ. ಇಲ್ಲಿ ಗೊತ್ತಿಲ್ಲದೆ ಮಾಡಿದ ತಪ್ಪಿಗೂ ಕೆಲಸ, ವೀಸಾ, ಕೆಲವೊಮ್ಮೆ ವರ್ಷಗಟ್ಟಲೆ ಸ್ವಾತಂತ್ರ್ಯ ಹೋಗಬಹುದು.

೧. ತಡೆ ಹಾಕುವವರು ಯಾರು?

ಮೊದಲು ತಿಳಿಯಬೇಕಾದದ್ದು: ನಿಮ್ಮ ಫೋನ್ ಕೆಟ್ಟಿಲ್ಲ, ರೀಚಾರ್ಜ್ ಮುಗಿದಿಲ್ಲ. ನೀವು ಒತ್ತಿದ ಲಿಂಕ್ ಮೊದಲು ನಿಮ್ಮ ಸಿಮ್ ಕೊಟ್ಟ ಕಂಪನಿಯ ಜಾಲಕ್ಕೆ ಹೋಗುತ್ತದೆ. ಅಲ್ಲಿ ಒಂದು ಜರಡಿ ಇದೆ. ಸರ್ಕಾರ ಕೊಟ್ಟ ಪಟ್ಟಿಯಲ್ಲಿ ಆ ವಿಳಾಸ ಇದ್ದರೆ ಜರಡಿ ಅದನ್ನು ಅಲ್ಲಿಯೇ ಹಿಡಿದು, ನಿಮಗೆ ನೋಟಿಸ್ ಪುಟ ಕಳಿಸುತ್ತದೆ. ಕೆಲವೊಮ್ಮೆ ನೋಟಿಸ್ ಕೂಡ ಬರುವುದಿಲ್ಲ. ಪುಟ ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ.

ಯು.ಎ.ಇ.ಯಲ್ಲಿ ಈ ನಿಯಮ ಮಾಡುವುದು ಟಿ.ಡಿ.ಆರ್.ಎ. ಎಂಬ ದೂರಸಂಪರ್ಕ ಪ್ರಾಧಿಕಾರ. ಅದನ್ನು ಜಾರಿ ಮಾಡುವುದು ಎತಿಸಲಾತ್ ಮತ್ತು ಡು. ಯಾವ ಬಗೆಯ ವಿಷಯಕ್ಕೆ ತಡೆ ಎಂಬುದಕ್ಕೆ ಪ್ರಾಧಿಕಾರವೇ ಪ್ರಕಟಿಸಿದ ನೀತಿ ಇದೆ: ಅಶ್ಲೀಲ ಪುಟಗಳು, ಜೂಜು, ಮಾದಕ ವಸ್ತು, ಮೋಸದ ಪುಟಗಳು, ಧರ್ಮ ನಿಂದನೆ, ದೇಶದ ಹಿತಕ್ಕೆ ಮತ್ತು ಸಾರ್ವಜನಿಕ ಶಿಸ್ತಿಗೆ ವಿರುದ್ಧ ಎನ್ನಿಸಿದ ಬರಹ, ಜೊತೆಗೆ ಈ ತಡೆಯನ್ನು ದಾಟಲು ಕಲಿಸುವ ಪುಟಗಳು. ಕೊನೆಯದನ್ನು ಗಮನಿಸಿ. ತಡೆ ದಾಟುವ ದಾರಿ ತೋರಿಸುವುದೂ ಅಲ್ಲಿ ತಡೆಯಬೇಕಾದ ವಿಷಯವೇ.

ಸೌದಿಯಲ್ಲಿ ಸಾಮಾನ್ಯ ಜನರ ಕೈಗೆ ಇಂಟರ್‌ನೆಟ್ ಬಂದದ್ದು 1999ರಲ್ಲಿ. ಮೊದಲ ದಿನದಿಂದಲೇ ಇಡೀ ದೇಶದ ಇಂಟರ್‌ನೆಟ್ ಸಂಚಾರ ರಿಯಾದಿನ ಒಂದೇ ಬಾಗಿಲಿನ ಮೂಲಕ ಹಾದು ಬರುವಂತೆ ಮಾಡಿ, ಅಲ್ಲಿಯೇ ಜರಡಿ ಹಿಡಿದರು. ಅಂದರೆ ಅಲ್ಲಿ ತಡೆ ಆಮೇಲೆ ಸೇರಿಸಿದ್ದಲ್ಲ, ಜಾಲದ ಜೊತೆಗೇ ಹುಟ್ಟಿದ್ದು. ಆ ಕೆಲಸವನ್ನು ನಂತರ ದೂರಸಂಪರ್ಕ ಆಯೋಗಕ್ಕೆ ವಹಿಸಿದರು. ಒಂದು ಒಳ್ಳೆಯ ಏರ್ಪಾಡೂ ಅಲ್ಲಿತ್ತು: "ಈ ಪುಟಕ್ಕೆ ತಡೆ ತಪ್ಪಾಗಿ ಬಿದ್ದಿದೆ, ತೆಗೆಯಿರಿ" ಎಂದು ಕೇಳಲು ಅರ್ಜಿ. ತಡೆ ತಪ್ಪಾಗಿ ಬೀಳಬಹುದು ಎಂಬುದನ್ನು ಸರ್ಕಾರಗಳೇ ಒಪ್ಪುತ್ತವೆ ಎಂದಾಯಿತು.

೨. ಒಂದು ಮನೆಗೆ ಬೀಗ, ಇಡೀ ವಠಾರ ಬಂದ್

ತಡೆ ತಪ್ಪಾಗಿ ಬೀಳುವುದು ಹೇಗೆ? ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ.

2006ರ ಜುಲೈ 11ರಂದು ಮುಂಬೈನ ಲೋಕಲ್ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಅದಾದ ಕೆಲವೇ ದಿನಗಳಲ್ಲಿ ಭಾರತದ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಒಂದು ಪಟ್ಟಿ ಕಳಿಸಿತು. ಅದರಲ್ಲಿದ್ದದ್ದು ಇಪ್ಪತ್ತಕ್ಕೂ ಕಡಿಮೆ ಪುಟ. ಆದರೆ ಕಂಪನಿಗಳು ಆ ಪುಟಗಳನ್ನಷ್ಟೇ ಬಿಡಿಸಿ ಮುಚ್ಚಲಿಲ್ಲ. ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್ ಎಂಬ ತಾಣಗಳನ್ನು ಪೂರ್ತಿ ಮುಚ್ಚಿಬಿಟ್ಟವು. ಅಡುಗೆ ಬಗ್ಗೆ ಬರೆಯುವವರು, ಕವಿತೆ ಬರೆಯುವವರು, ಕನ್ನಡದಲ್ಲಿ ಬ್ಲಾಗ್ ಶುರುಮಾಡಿದ್ದವರು, ಸ್ಫೋಟದಲ್ಲಿ ಸಿಕ್ಕಿಕೊಂಡವರಿಗೆ ಸಹಾಯ ಹೊಂದಿಸುತ್ತಿದ್ದವರು – ಎಲ್ಲರ ಬಾಗಿಲೂ ಒಟ್ಟಿಗೇ ಮುಚ್ಚಿತು. ಜನ ಗದ್ದಲ ಮಾಡಿದರು, ಮಾಹಿತಿ ಹಕ್ಕಿನಲ್ಲಿ ಕೇಳಿದರು, ಪತ್ರಿಕೆಗಳು ಬರೆದವು. ಕೊನೆಗೆ ಇಲಾಖೆಯೇ, ಪಟ್ಟಿಯಲ್ಲಿರುವ ಪುಟಗಳನ್ನು ಮಾತ್ರ ತಡೆಯಿರಿ, ಉಳಿದದ್ದು ತೆರೆಯಿರಿ ಎಂದು ಹೇಳಬೇಕಾಯಿತು.

ಇದು ಆದದ್ದು ಹೇಗೆಂದರೆ – ಒಂದು ವಠಾರ ಅಂದುಕೊಳ್ಳಿ. ಒಳಗೆ ನೂರು ಮನೆ, ಹೊರಗೆ ಒಂದೇ ಗೇಟು. ಮೂರನೇ ಮನೆಯವನ ಮೇಲೆ ದೂರು ಬಂತು ಅಂತ ಗೇಟಿಗೇ ಬೀಗ ಹಾಕಿದರೆ ಉಳಿದ ತೊಂಬತ್ತೊಂಬತ್ತು ಮನೆಯವರೂ ಒಳಗೇ. ಬ್ಲಾಗ್ ತಾಣ ಅಂದರೆ ಅಂಥ ವಠಾರ. ಸಾವಿರಾರು ಜನರ ಬರಹ ಒಂದೇ ಹೆಸರಿನಡಿ, ಒಂದೇ ಯಂತ್ರದ ವಿಳಾಸದಲ್ಲಿ ಇರುತ್ತದೆ.

ಮಲೇಷ್ಯಾದಲ್ಲಿಯೂ ಹೀಗೆ ಆಯಿತು. 2016ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಮೀಡಿಯಂ ಎಂಬ ಬರಹದ ತಾಣವನ್ನು ಪೂರ್ತಿ ತಡೆಯಿತು. ಕಾರಣ, ಸರ್ಕಾರಿ ಹಣದ ಹಗರಣದ ಬಗ್ಗೆ ಅಲ್ಲಿದ್ದ ಒಂದು ಬರಹ. ಅದನ್ನು ತೆಗೆಯಲು ತಾಣದವರು ಒಪ್ಪಲಿಲ್ಲ. ತಡೆ ತೆರವಾದದ್ದು 2018ರ ಮೇ ತಿಂಗಳಲ್ಲಿ, ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬರೆಯುತ್ತಿದ್ದ ಎಲ್ಲರೂ ಮಲೇಷ್ಯಾದ ಓದುಗರಿಗೆ ಇಲ್ಲವಾದರು.

ಇದನ್ನೆಲ್ಲ ಯಾಕೆ ಹೇಳಿದೆವು? ಎರಡು ಕಾರಣ. ಒಂದು, ತಡೆ ಬಿದ್ದ ಪುಟವೆಲ್ಲ ಕೆಟ್ಟದ್ದು ಅಂತ ಅರ್ಥವಲ್ಲ. ಅದನ್ನು ಕಳಿಸಿದ ಗೆಳೆಯ ಕೆಟ್ಟವನೂ ಅಲ್ಲ. ಎರಡು, ತಡೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ, ಅದನ್ನು ದಾಟಿದರೆ ನಿಮಗೆ ಏನಾಗುತ್ತದೆ ಎಂಬ ಪ್ರಶ್ನೆ ಬೇರೆ. ಊರಿನಲ್ಲಿ ಕೂತು ಮೊದಲನೆಯದನ್ನು ಚರ್ಚೆ ಮಾಡಬಹುದು. ಇಲ್ಲಿ ಮೊದಲು ಎರಡನೆಯದನ್ನು ತಿಳಿದಿರಬೇಕು.

೩. ವಿ.ಪಿ.ಎನ್. ಎಂಬ ಕಳ್ಳದಾರಿ

ವಿ.ಪಿ.ಎನ್. ಅಂದರೆ ನಿಮ್ಮ ಫೋನಿನಿಂದ ಬೇರೆ ದೇಶದ ಯಾವುದೋ ಕಂಪ್ಯೂಟರಿನ ತನಕ ಒಂದು ಮುಚ್ಚಿದ ಕೊಳವೆ. ನೀವು ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಸಿಮ್ ಕಂಪನಿಗೆ ಕಾಣುವುದಿಲ್ಲ, ಆ ಪುಟದವರಿಗೆ ನೀವು ಬೇರೆ ದೇಶದಲ್ಲಿ ಇರುವಂತೆ ಕಾಣುತ್ತದೆ.

ಕೊಳವೆ ತಾನಾಗಿಯೇ ಅಪರಾಧವಲ್ಲ. ಬ್ಯಾಂಕು, ಆಸ್ಪತ್ರೆ, ದೊಡ್ಡ ಕಂಪನಿಗಳು ತಮ್ಮ ಕಚೇರಿ ಕೆಲಸಕ್ಕೆ ಇದನ್ನೇ ಬಳಸುತ್ತವೆ. 2016ರಲ್ಲಿ ಯು.ಎ.ಇ. ಪ್ರಾಧಿಕಾರವೇ ಇದನ್ನು ಸ್ಪಷ್ಟಪಡಿಸಿದೆ. ನಿಮ್ಮ ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಕಂಪನಿಯೇ ಹಾಕಿಕೊಟ್ಟ ವಿ.ಪಿ.ಎನ್. ಇದ್ದು, ನೀವು ಕಂಪನಿಯ ಕೆಲಸವನ್ನೇ ಮಾಡುತ್ತಿದ್ದರೆ ಹೆದರಬೇಕಾಗಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಯು.ಎ.ಇ.ಯಲ್ಲಿ 2022ರ ಜನವರಿ 2ರಿಂದ ಜಾರಿಯಲ್ಲಿರುವ ಸೈಬರ್ ಅಪರಾಧ ಕಾನೂನು, ಅಂದರೆ 2021ರ 34ನೇ ಕಾನೂನು, ಹೀಗೆ ಹೇಳುತ್ತದೆ: ಅಪರಾಧ ಮಾಡುವುದಕ್ಕೆ ಅಥವಾ ಅದು ಪತ್ತೆಯಾಗದಂತೆ ತಡೆಯುವುದಕ್ಕೆ ಸುಳ್ಳು ಐ.ಪಿ. ವಿಳಾಸ ಬಳಸಿದರೆ ಜೈಲು, ಮತ್ತು 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡರಲ್ಲಿ ಒಂದು. ಕಡಿಮೆಯ ದಂಡವೇ ನಮ್ಮ ದುಡ್ಡಿನಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚು. ತಿಂಗಳಿಗೆ 1,200 ದಿರ್ಹಮ್ ಸಂಬಳದವನು ಊಟ ಬಿಟ್ಟು ಕೂಡಿಟ್ಟರೂ ಮೂವತ್ತನಾಲ್ಕು ವರ್ಷಕ್ಕೂ ಹೆಚ್ಚು ಬೇಕು.

"ಎಲ್ಲರೂ ಹಾಕ್ಕೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ" ಎಂಬ ಮಾತು ಕ್ಯಾಂಪಿನಲ್ಲಿ ಸಾಮಾನ್ಯ. ಹೆಲ್ಮೆಟ್ ಹಾಕದೆ ಸ್ಕ್ಯಾಫೋಲ್ಡಿಂಗ್ ಹತ್ತಿದವನೂ ಬೀಳುವ ತನಕ ಇದನ್ನೇ ಹೇಳುತ್ತಾನೆ. ನೀವು ಬೇರೆ ಯಾವುದೋ ವಿಷಯಕ್ಕೆ ವಿಚಾರಣೆಗೆ ಸಿಕ್ಕಿ, ಫೋನ್ ಪರೀಕ್ಷೆಯಾದರೆ, ಈ ಆಪ್ ನಿಮ್ಮ ವಿರುದ್ಧ ಇನ್ನೊಂದು ಸಾಕ್ಷಿಯಾಗುತ್ತದೆ.

ಫ್ರೀ ವಿ.ಪಿ.ಎನ್.ಗೆ ಇನ್ನೂ ಒಂದು ಅಪಾಯ ಇದೆ. ನಿಮ್ಮ ಎಲ್ಲ ಸಂಚಾರವೂ ಆ ಕೊಳವೆಯ ಮಾಲೀಕನ ಕಂಪ್ಯೂಟರಿನಿಂದ ಹಾದು ಹೋಗುತ್ತದೆ. ಆ ಮಾಲೀಕ ಯಾರು, ಯಾವ ಊರಿನವ, ಪುಕ್ಕಟೆ ಕೊಡುತ್ತಿರುವುದು ಯಾಕೆ ಎಂದು ನಿಮಗೆ ಗೊತ್ತಿಲ್ಲ. ಅದನ್ನು ಹಾಕಿಕೊಂಡೇ ಊರಿಗೆ ದುಡ್ಡು ಕಳಿಸುವ ಆಪ್ ತೆರೆಯುವುದು, ಸಂತೆಯಲ್ಲಿ ಗುರುತಿಲ್ಲದವನ ಕೈಗೆ ಪರ್ಸ್ ಕೊಟ್ಟು "ಹಿಡ್ಕೊಂಡಿರಿ" ಅಂದ ಹಾಗೆ.

ಹಾಗಂತ ತಡೆ ಪುಟ ಕಂಡ ಕೂಡಲೇ ಗಾಬರಿ ಬೇಡ. ಗೊತ್ತಿಲ್ಲದೆ ಒಂದು ಲಿಂಕ್ ಒತ್ತಿದಿರಿ, ನೋಟಿಸ್ ಬಂತು – ಪುಟ ಮುಚ್ಚಿ, ಮತ್ತೆ ಮತ್ತೆ ಒತ್ತಬೇಡಿ, ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ. ಅಷ್ಟೇ.

೪. ಮನೆಗೆ ಕರೆ ಮಾಡುವುದು ಹೇಗೆ?

ನಮ್ಮಲ್ಲಿ ಬಹಳ ಜನ ವಿ.ಪಿ.ಎನ್. ಹಾಕಿಕೊಳ್ಳುವುದು ಬ್ಲಾಗ್ ಓದಲಿಕ್ಕೆ ಅಲ್ಲ. ಹೆಂಡತಿ ಮಕ್ಕಳ ಮುಖ ನೋಡಲಿಕ್ಕೆ. ಯು.ಎ.ಇ.ಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಫೋಟೊ ಹೋಗುತ್ತದೆ, ಧ್ವನಿ ಸಂದೇಶವೂ ಹೋಗುತ್ತದೆ. ಆದರೆ ಅದರ ಕರೆ ಮತ್ತು ವಿಡಿಯೊ ಕರೆಗೆ ವರ್ಷಗಳಿಂದ ತಡೆ ಇದೆ. ಇಂಟರ್‌ನೆಟ್ ಕರೆಗೆ ಅಲ್ಲಿ ಪ್ರಾಧಿಕಾರದ ಅನುಮತಿ ಬೇಕು ಎಂಬುದೇ ಕಾರಣ.

ಅನುಮತಿ ಇರುವ ಆಪ್‌ಗಳೂ ಇವೆ. ಬೋಟಿಮ್, ಗೋಚಾಟ್, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಮೀಟ್ ಆ ಪಟ್ಟಿಯಲ್ಲಿ ಸೇರಿವೆ. ಊರಿನಲ್ಲಿ ಮನೆಯವರ ಫೋನಿಗೂ ಅದೇ ಆಪ್ ಹಾಕಿಸಿ. ರಜೆಗೆ ಹೋದಾಗಲೇ ಅಮ್ಮನ ಫೋನಿನಲ್ಲಿ ಹಾಕಿ, ಒತ್ತುವುದು ಎಲ್ಲಿ ಎಂದು ಎರಡು ಸಲ ತೋರಿಸಿ ಬನ್ನಿ. ಅಥವಾ ಮಕ್ಕಳಿಗೆ ಕಲಿಸಿ, ಅವರು ಅಜ್ಜಿಗೆ ಕಲಿಸುತ್ತಾರೆ. ಪಟ್ಟಿ ಆಗಾಗ ಬದಲಾಗುತ್ತದೆ. ಪ್ರಾಧಿಕಾರದ ತಾಣದಲ್ಲಿ ಅಥವಾ ಸಿಮ್ ಕಂಪನಿಯ ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ನಿಯಮ ಬದಲಾಗುತ್ತದೆ ಎಂಬುದಕ್ಕೆ ಸೌದಿಯೇ ಸಾಕ್ಷಿ. ಅಲ್ಲಿಯೂ ಇಂಟರ್‌ನೆಟ್ ಕರೆಗೆ ತಡೆ ಇತ್ತು. 2017ರ ಸೆಪ್ಟೆಂಬರಿನಲ್ಲಿ, ನಿಯಮ ಪಾಲಿಸುವ ಆಪ್‌ಗಳಿಗೆ ಆ ತಡೆ ತೆಗೆಯುವುದಾಗಿ ಸರ್ಕಾರ ಹೇಳಿತು. ಆದ್ದರಿಂದ ದುಬೈಯಲ್ಲಿ ಇರುವವರು ದಮ್ಮಾಮಿನ ತಮ್ಮನ ಮಾತು ಕೇಳಿ, "ಅವನಲ್ಲಿ ನಡೀತದೆ, ನಮ್ಮಲ್ಲಿ ಯಾಕಿಲ್ಲ" ಅಂತ ಸಾಹಸಕ್ಕೆ ಇಳಿಯಬೇಡಿ. ಪ್ರತಿ ದೇಶದ ನಿಯಮ ಬೇರೆ.

೫. ಓದುವುದಕ್ಕಿಂತ ಬರೆಯುವುದರಲ್ಲಿ ಹೆಚ್ಚು ಜಾಗ್ರತೆ ಬೇಕು

ತಡೆ ಪುಟ ಕಣ್ಣಿಗೆ ಕಾಣುವ ಗೋಡೆ. ಎದುರಿಗೆ ಬಂದರೆ ನಿಲ್ಲುತ್ತೇವೆ. ಆದರೆ ನೀವು ಬರೆಯುವಾಗ, ಹಂಚುವಾಗ ಯಾವ ನೋಟಿಸೂ ಎದುರಿಗೆ ಬರುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಒಂದು ಸಾಲು, ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ – ಹೋಗಿಬಿಡುತ್ತದೆ. ಅಪಾಯ ಅಲ್ಲೇ ಹೆಚ್ಚು.

ಸೌದಿಯ 2007ರ ಸೈಬರ್ ಅಪರಾಧ ಕಾನೂನಿನ 6ನೇ ಕಲಮು ಸಾರ್ವಜನಿಕ ಶಿಸ್ತು, ಧಾರ್ಮಿಕ ಮೌಲ್ಯ, ನೈತಿಕತೆ ಅಥವಾ ಖಾಸಗಿತನಕ್ಕೆ ಧಕ್ಕೆ ತರುವುದನ್ನು ತಯಾರಿಸಿದರೆ, ಕಳಿಸಿದರೆ, ಇಟ್ಟುಕೊಂಡರೆ 5 ವರ್ಷದ ತನಕ ಜೈಲು, 30 ಲಕ್ಷ ರಿಯಾಲ್ ತನಕ ದಂಡ ಎನ್ನುತ್ತದೆ. "ಇಟ್ಟುಕೊಂಡರೆ" ಎಂಬ ಮಾತನ್ನು ಎರಡು ಸಲ ಓದಿ. ಗ್ರೂಪಿನಲ್ಲಿ ಬಂದದ್ದು ತಾನಾಗಿಯೇ ನಿಮ್ಮ ಗ್ಯಾಲರಿಯಲ್ಲಿ ಸೇವ್ ಆಗಿರುತ್ತದೆ. ಆ ಸೆಟ್ಟಿಂಗ್ ಇಂದೇ ಆಫ್ ಮಾಡಿ.

ಯು.ಎ.ಇ. ಕಾನೂನಿನಲ್ಲಿ ನಮ್ಮವರು ಹೆಚ್ಚಾಗಿ ಎಡವುವ ನಾಲ್ಕು ಜಾಗ ಇವೆ:

– ಸುಳ್ಳು ಸುದ್ದಿ, ವದಂತಿ ಹರಡುವುದು. ಕನಿಷ್ಠ 1 ವರ್ಷ ಜೈಲು, ಕನಿಷ್ಠ 1 ಲಕ್ಷ ದಿರ್ಹಮ್ ದಂಡ. ಸಾಂಕ್ರಾಮಿಕ ರೋಗ, ತುರ್ತು ಪರಿಸ್ಥಿತಿ ಇದ್ದಾಗ ಇದು ಇಮ್ಮಡಿ.

– ಬೈಯುವುದು. ಫೋರ್‌ಮನ್ ಮೇಲೆ ಸಿಟ್ಟು ಬಂದು ವಾಟ್ಸಾಪಿನಲ್ಲಿ ಕೆಟ್ಟ ಮಾತು ಕಳಿಸಿದರೂ ಅದು ದೂರಾಗಬಹುದು. ದಂಡ 2.5 ಲಕ್ಷದಿಂದ 5 ಲಕ್ಷ ದಿರ್ಹಮ್, ಜೈಲೂ ಆಗಬಹುದು.

– ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೊ, ವಿಡಿಯೊ ತೆಗೆದು ಹಂಚುವುದು. ಅಪಘಾತದಲ್ಲಿ ಗಾಯಗೊಂಡವರ, ತೀರಿಕೊಂಡವರ ಚಿತ್ರ ಹಾಕುವುದೂ ಇದರಲ್ಲೇ ಬರುತ್ತದೆ. ಸೈಟಿನಲ್ಲಿ ಅನಾಹುತವಾದರೆ ಕೈ ಮೊದಲು ಸಹಾಯಕ್ಕೆ ಹೋಗಲಿ, ಮೊಬೈಲಿಗೆ ಬೇಡ.

– ಪರವಾನಗಿ ಇಲ್ಲದೆ ಚಂದಾ ಎತ್ತುವುದು. ಜೊತೆಯವನು ತೀರಿಕೊಂಡ, ಮನೆಯವರಿಗೆ ಏನಾದರೂ ಮಾಡೋಣ ಎಂದು ಗ್ರೂಪಿನಲ್ಲಿ ಅಕೌಂಟ್ ನಂಬರ್ ಹಾಕುವುದು ನಮ್ಮಲ್ಲಿ ಸಹಜ. ಮನಸ್ಸು ಒಳ್ಳೆಯದೇ, ಆದರೆ ಇಲ್ಲಿ ಅದು ಅಪರಾಧ. ಭಾರತದ ರಾಯಭಾರ ಕಚೇರಿಯಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಷ್ಟದಲ್ಲಿರುವವರಿಗೆ, ಪಾರ್ಥಿವ ಶರೀರ ಊರಿಗೆ ಕಳಿಸಲಿಕ್ಕೆ ಅದರಿಂದ ಸಹಾಯ ಕೇಳಬಹುದು.

ಇವು ಪುಸ್ತಕದ ಮಾತಲ್ಲ ಎಂದು ತಿಳಿಯಲು ಎರಡು ಘಟನೆ ಹೇಳುತ್ತೇವೆ.

ಮೊದಲನೆಯದು ಕತಾರಿನದು. ಮಾಲ್ಕಂ ಬಿಡಾಲಿ ಕೀನ್ಯಾ ದೇಶದವರು, ಅಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದರು. ನಮ್ಮ ನಿಮ್ಮ ಹಾಗೆ ಕ್ಯಾಂಪಿನಲ್ಲಿ ಇದ್ದವರು. ದೀರ್ಘ ಡ್ಯೂಟಿ, ಇಕ್ಕಟ್ಟಿನ ರೂಮು, ಇದರ ಬಗ್ಗೆ ಬೇರೆ ಹೆಸರಿನಲ್ಲಿ ಬ್ಲಾಗ್ ಬರೆಯುತ್ತಿದ್ದರು. 2021ರ ಮೇ 4ರ ರಾತ್ರಿ ಅವರನ್ನು ಹಿಡಿದೊಯ್ದರು. ಸುಮಾರು ಒಂದು ತಿಂಗಳು ಒಂಟಿ ಕೋಣೆಯಲ್ಲಿ ಇಟ್ಟರು. ಜುಲೈಯಲ್ಲಿ, ಸುಳ್ಳು ಸುದ್ದಿ ಪ್ರಕಟಿಸಿದರು ಎಂದು 25,000 ರಿಯಾಲ್, ಅಂದರೆ ಸುಮಾರು 5 ಲಕ್ಷ ರೂಪಾಯಿ ದಂಡ ಬಿತ್ತು. ಆಗಸ್ಟಿನಲ್ಲಿ ಅವರು ಕತಾರ್ ಬಿಟ್ಟರು. ಬೇರೆ ಹೆಸರು ಅವರನ್ನು ಕಾಪಾಡಲಿಲ್ಲ. ಬಂಧನಕ್ಕೆ ಕೆಲವೇ ದಿನ ಮೊದಲು ಅವರಿಗೆ ಟ್ವಿಟರಿನಲ್ಲಿ ಒಂದು ಲಿಂಕ್ ಬಂದಿತ್ತು, ಒತ್ತಿದವರ ಐ.ಪಿ. ವಿಳಾಸ ದಾಖಲಿಸಿಕೊಳ್ಳಬಲ್ಲ ಲಿಂಕ್ ಅದು ಎಂದು ಆಮ್ನೆಸ್ಟಿ ಸಂಸ್ಥೆ ಆಮೇಲೆ ಹೇಳಿತು. ಗುರುತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಎರಡನೆಯದು ನಮ್ಮ ಕರಾವಳಿಯವರದ್ದೇ. ಸೌದಿಯಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ ಒಬ್ಬರನ್ನು 2019ರ ಡಿಸೆಂಬರಿನಲ್ಲಿ ಬಂಧಿಸಿದರು. ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಮೆಕ್ಕಾ ಮತ್ತು ಸೌದಿ ಯುವರಾಜರ ಬಗ್ಗೆ ಅವಹೇಳನದ ಬರಹ ಇತ್ತು. ಆ ಖಾತೆ ಅವರದ್ದಲ್ಲ, ಅವರ ಹೆಸರು ಹಾಕಿ ಬೇರೆಯವರು ತೆರೆದದ್ದು. ಊರಿನಲ್ಲಿ ಪತ್ನಿ ಸುಮ್ಮನೆ ಅಳುತ್ತಾ ಕೂರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ತನಿಖೆ ಮಾಡಿದ ಉಡುಪಿ ಪೊಲೀಸರು ಖಾತೆ ನಕಲಿ ಎಂದು ಪತ್ತೆ ಹಚ್ಚಿ, 2020ರಲ್ಲಿ ಇಬ್ಬರನ್ನು ಬಂಧಿಸಿದರು. ಆ ಮೆಕ್ಯಾನಿಕ್ ಊರಿಗೆ ಮರಳಿದ್ದು 2021ರ ಆಗಸ್ಟಿನಲ್ಲಿ. ತಾನು ಬರೆಯದ ಮಾತಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲು.

ಊರಿನ ರಾಜಕೀಯ ಜಗಳವನ್ನು ಫೇಸ್‌ಬುಕ್ಕಿನಲ್ಲಿ ಎಳೆದಾಡುವವರು ಇದನ್ನು ಮರೆಯಬಾರದು. ಊರಿನಲ್ಲಿ ಕೂತವನಿಗೆ ಅದು ಜಗಳ ಮಾತ್ರ. ಇಲ್ಲಿ ಕೂತವನಿಗೆ ಅದೇ ಕೇಸು ಆಗಬಹುದು.

೬. ಹಾಗಾದರೆ ಬಾಯಿ ಮುಚ್ಚಿಕೊಂಡೇ ಇರಬೇಕೇ?

ಇಲ್ಲ. ಈ ಪಾಠದಿಂದ "ಏನು ಅನ್ಯಾಯವಾದರೂ ಸುಮ್ಮನಿರಿ" ಎಂದು ಅರ್ಥ ಮಾಡಿಕೊಂಡರೆ ನಾವು ಹೇಳಿದ್ದು ತಪ್ಪಾಗಿ ತಲುಪಿತು ಅಂತ.

ಮೂರು ತಿಂಗಳಿನಿಂದ ಸಂಬಳ ಬಂದಿಲ್ಲ ಅಂದುಕೊಳ್ಳಿ. ಸಿಟ್ಟಿನಲ್ಲಿ ಫೇಸ್‌ಬುಕ್ ಲೈವ್ ಮಾಡಿ, ಕಂಪನಿಯ ಹೆಸರು ಹೇಳಿ, ಕ್ಯಾಂಪಿನ ವಿಡಿಯೊ ಹಾಕಿದರೆ, ಸಂಬಳ ಕೊಡದವನು ದೂರುದಾರನಾಗಿ, ನೀವು ಆರೋಪಿಯಾಗುವ ಸಾಧ್ಯತೆ ಇದೆ. ಅದೇ ಮಾತನ್ನು ಸರಿಯಾದ ಜಾಗದಲ್ಲಿ ಹೇಳಿದರೆ ಕಾನೂನು ನಿಮ್ಮ ಕಡೆ ಇರುತ್ತದೆ. ಯು.ಎ.ಇ.ಯಲ್ಲಿ 2009ರಿಂದ ಸಂಬಳ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಕೊಡಬೇಕೆಂಬ ವೇತನ ರಕ್ಷಣಾ ವ್ಯವಸ್ಥೆ ಇದೆ. ಬಂದಿದೆಯೋ ಇಲ್ಲವೋ ಎಂಬುದಕ್ಕೆ ಅಲ್ಲೇ ದಾಖಲೆ ಇರುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯದ ಆಪ್‌ನಲ್ಲಿ, ಸೇವಾ ಕೇಂದ್ರದಲ್ಲಿ ದೂರು ಕೊಡಬಹುದು. ಸೌದಿಯಲ್ಲಿ ಮೊದಲು ರಾಜಿ ವಿಭಾಗ, ಅಲ್ಲಿ ಮುಗಿಯದಿದ್ದರೆ ಕಾರ್ಮಿಕ ನ್ಯಾಯಾಲಯ. ಕತಾರಿನಲ್ಲಿಯೂ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡುವ ವ್ಯವಸ್ಥೆ ಇದೆ. ಭಾರತದ ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ನೀವೂ ದೂರು ಹಾಕಬಹುದು, ಊರಿನಿಂದ ನಿಮ್ಮ ಮನೆಯವರೂ ಹಾಕಬಹುದು.

ಸಾಕ್ಷಿ ಇಟ್ಟುಕೊಳ್ಳಿ: ಕರಾರು ಪತ್ರದ ಪ್ರತಿ, ಸಂಬಳದ ಚೀಟಿ, ನಿಮ್ಮದೇ ಡ್ಯೂಟಿ ಗಂಟೆಗಳ ಲೆಕ್ಕ. ಈ ಸಾಕ್ಷಿಯನ್ನು ಅಧಿಕಾರಿಗೆ ತೋರಿಸಲಿಕ್ಕೆ ಇಡಿ, ಗ್ರೂಪಿಗೆ ಹಾಕಲಿಕ್ಕೆ ಅಲ್ಲ.

ನಮ್ಮ ದೇಶದಲ್ಲಿಯೂ ತಡೆ ಇದೆ ಎಂಬುದು ನೆನಪಿರಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಪುಟ, ಆಪ್ ತಡೆಯಬಹುದು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್ ಬಂದ್ ಆದದ್ದು ಅದರಡಿಯೇ. ಇಲ್ಲಿ ಟಿಕ್‌ಟಾಕ್ ನೋಡುತ್ತಿದ್ದವರು ರಜೆಗೆ ಊರಿಗೆ ಹೋದಾಗ ಅದು ತೆರೆಯದಿರುವುದನ್ನು ಕಂಡಿರುತ್ತೀರಿ. ವ್ಯತ್ಯಾಸ ಏನೆಂದರೆ, ಊರಿನಲ್ಲಿ ತಡೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲು ದಾರಿ ಇದೆ. ಟ್ವಿಟರ್ ಕಂಪನಿ ತಡೆ ಆದೇಶಗಳ ವಿರುದ್ಧ ಬೆಂಗಳೂರಿನಲ್ಲಿ ಕರ್ನಾಟಕ ಹೈಕೋರ್ಟಿಗೇ ಹೋಗಿತ್ತು. 2023ರ ಜೂನ್ 30ರಂದು ಕೋರ್ಟು ಆ ಅರ್ಜಿ ತಳ್ಳಿಹಾಕಿ, 50 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಗೆಲುವು ಸೋಲು ಬೇರೆ. ವಾದ ಮಾಡಲು ಒಂದು ಜಾಗ ಇತ್ತು. ವಲಸೆ ಕಾರ್ಮಿಕನಿಗೆ ಪರದೇಶದಲ್ಲಿ ಆ ಜಾಗ ತುಂಬಾ ಚಿಕ್ಕದು. ಅದಕ್ಕೇ ಇಲ್ಲಿ ಇಷ್ಟು ಎಚ್ಚರ.

೭. ತೊಂದರೆ ಬಂದೇ ಬಿಟ್ಟರೆ

– ಗಾಬರಿಯಲ್ಲಿ ಓಡಬೇಡಿ, ಫೋನ್ ಒಡೆಯಬೇಡಿ, ಅಳಿಸಲು ಹೋಗಬೇಡಿ. ಸಾಕ್ಷಿ ನಾಶ ಮಾಡಿದಿರಿ ಎಂಬ ಇನ್ನೊಂದು ಆರೋಪ ಸೇರುತ್ತದೆ.

– ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಅರಬ್ಬಿ ಬರುವುದಿಲ್ಲ, ಅನುವಾದಕರು ಬೇಕು ಎಂದು ಶಾಂತವಾಗಿ ಕೇಳಿ. ಒಂದು ಸಲ ಕೊಡದಿದ್ದರೆ ಮತ್ತೆ ಕೇಳಿ.

– "ಭಾರತದ ರಾಯಭಾರ ಕಚೇರಿಗೆ ತಿಳಿಸಿ" ಎಂದು ಹೇಳಿ. 1963ರ ವಿಯೆನ್ನಾ ಒಪ್ಪಂದದ 36ನೇ ಕಲಮಿನ ಪ್ರಕಾರ, ಪರದೇಶದಲ್ಲಿ ಬಂಧನವಾದವರು ಕೇಳಿದರೆ ಅವರ ದೇಶದ ಕಚೇರಿಗೆ ತಿಳಿಸಬೇಕು. ಇದು ಉಪಕಾರವಲ್ಲ, ಹಕ್ಕು.

– ಯು.ಎ.ಇ.ಯಲ್ಲಿ ಭಾರತೀಯ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಉಚಿತ ನಂಬರ್ 800 46342. ಬೇರೆ ದೇಶದಲ್ಲಿರುವವರು ತಮ್ಮ ರಾಯಭಾರ ಕಚೇರಿಯ ಸಹಾಯವಾಣಿ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಒಂದು ಕಾಗದದಲ್ಲೂ ಬರೆದಿಡಿ. ಫೋನ್ ವಶವಾದರೆ ನಂಬರೂ ಅದರ ಜೊತೆ ಹೋಗುತ್ತದೆ.

– ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ಕಂಡರೆ ಅದೇ ದಿನ ಸ್ಕ್ರೀನ್‌ಶಾಟ್ ತೆಗೆದು, ಆ ತಾಣಕ್ಕೆ ರಿಪೋರ್ಟ್ ಮಾಡಿ, ಊರಿನಲ್ಲಿ ಮನೆಯವರಿಂದ ಸೈಬರ್ ಠಾಣೆಗೆ ದೂರು ಕೊಡಿಸಿ. ದೂರಿನ ಪ್ರತಿ ನಿಮ್ಮ ಹತ್ತಿರ ಇರಲಿ.

೮. ಈ ವಾರ ಮಾಡಬೇಕಾದ ಐದು ಕೆಲಸ

ಓದಿ ಮಡಚಿಟ್ಟರೆ ಪಾಠ ಮುಗಿಯುವುದಿಲ್ಲ. ಶುಕ್ರವಾರವೋ ಭಾನುವಾರವೋ, ನಿಮ್ಮ ರಜೆಯ ದಿನ ರೂಮಿನವರೆಲ್ಲ ಕೂತು ಇಷ್ಟು ಮಾಡಿ.

ಒಂದು: ಫೋನಿನಲ್ಲಿ ಇರುವ ಆಪ್‌ಗಳನ್ನು ನೋಡಿ. ಯಾರೋ ಹಾಕಿಕೊಟ್ಟ ಫ್ರೀ ವಿ.ಪಿ.ಎನ್. ಇದ್ದರೆ ತೆಗೆಯಿರಿ.

ಎರಡು: ವಾಟ್ಸಾಪಿನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಸೇವ್ ಆಗುವುದನ್ನು ನಿಲ್ಲಿಸಿ. ಜಗಳವನ್ನೇ ಹಂಚುವ ಗ್ರೂಪುಗಳಿಂದ ಹೊರಬನ್ನಿ. "ಸುಮ್ಮನೆ ಇದ್ದೆ" ಎಂಬುದು ಉತ್ತರವಾಗುವುದಿಲ್ಲ.

ಮೂರು: ಫೇಸ್‌ಬುಕ್ಕಿನಲ್ಲಿ ನಿಮ್ಮ ಹೆಸರನ್ನು ನೀವೇ ಹುಡುಕಿ. ನಿಮ್ಮ ಫೋಟೊ ಹಾಕಿದ ಬೇರೆ ಖಾತೆ ಇದೆಯೇ ನೋಡಿ. ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ.

ನಾಲ್ಕು: ಮನೆಯವರ ಜೊತೆ ಮಾತಾಡಲು ಅನುಮತಿ ಇರುವ ಒಂದು ಆಪ್ ಗೊತ್ತು ಮಾಡಿಕೊಳ್ಳಿ. ಅದು ಕೆಟ್ಟರೆ ಎರಡನೆಯದೂ ಒಂದಿರಲಿ.

ಐದು: ಊರಿನ ಗೆಳೆಯರಿಗೆ, ಸಂಬಂಧಿಕರಿಗೆ ಒಂದು ಮಾತು ಹೇಳಿ: "ಧರ್ಮ, ಇಲ್ಲಿನ ರಾಜಮನೆತನ, ಊರಿನ ಗಲಾಟೆ – ಇದರ ಬಗ್ಗೆ ನನಗೆ ಏನೂ ಕಳಿಸಬೇಡಿ. ನಾನು ಊರಿಗೆ ಬಂದಾಗ ಕಟ್ಟೆ ಮೇಲೆ ಕೂತು ಮಾತಾಡೋಣ."

ನಿಮ್ಮನ್ನೇ ಕೇಳಿಕೊಳ್ಳಿ

೧. ಲಿಂಕ್ ಒತ್ತಿದಾಗ ತಡೆ ಪುಟ ಬಂದರೆ ನಾನು ಮೊದಲು ಏನು ಮಾಡಬೇಕು, ಏನು ಮಾಡಬಾರದು?

೨. ಕಂಪನಿ ಹಾಕಿಕೊಟ್ಟ ವಿ.ಪಿ.ಎನ್.ಗೂ ನಾನೇ ಇಳಿಸಿಕೊಂಡ ಫ್ರೀ ವಿ.ಪಿ.ಎನ್.ಗೂ ಏನು ವ್ಯತ್ಯಾಸ?

೩. ಸಂಬಳ ಬಾರದಿದ್ದರೆ ನನ್ನ ದೂರು ಎಲ್ಲಿ ಹೇಳಬೇಕು?

೪. ನನ್ನ ಫೋನ್ ಇವತ್ತು ಯಾರಾದರೂ ಪರೀಕ್ಷೆ ಮಾಡಿದರೆ, ನನಗೆ ನೆನಪೇ ಇಲ್ಲದ ಏನೆಲ್ಲ ಅದರಲ್ಲಿ ಸಿಗಬಹುದು?

ನಾಲ್ಕನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಈಗಲೇ ಫೋನ್ ತೆಗೆದು ನೋಡಿ. ಊರಿನಲ್ಲಿ ನಿಮ್ಮ ಕರೆಗಾಗಿ ಕಾಯುತ್ತಿರುವವರಿಗೆ ನೀವು ಓದದೆ ಬಿಟ್ಟ ಒಂದು ಬ್ಲಾಗಿಗಿಂತ ನಿಮ್ಮ ದನಿ ದೊಡ್ಡದು. ಆ ದನಿ ಪ್ರತಿ ರಾತ್ರಿ ಅವರಿಗೆ ಕೇಳುತ್ತಿರಲಿ. ರೂಮಿಗೆ ಹೊಸದಾಗಿ ಬಂದ ಹುಡುಗರಿಗೂ ಈ ಪಾಠ ಓದಿ ಹೇಳಿ; ಅವರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕಾಗಿರುತ್ತದೆ.